ಕುಂಟಲ ಬಣ್ಣದ ಏಳು ಅಂಗಿ

ಕೇಸರಿ ಬೇಡ ಎಂದರು ಕೆಲವರು, ಕಾರಣ ಹೇಳಲಿಲ್ಲ.
ಹಸಿರು ಬೇಡ ಎಂದರು ಇನ್ನು ಕೆಲವರು, ಅವರೂ ಹೇಳಲಿಲ್ಲ.
ಕೆಂಪು ಎಂದಾಗ ಹಿಂದಿನ ಬೆಂಚಿನಿಂದ ಒಂದು ಕೆಮ್ಮು.
ಬಂದ್ಯೋಡಿನಲ್ಲಿ ಬಣ್ಣಕ್ಕೆ ಕಾರಣ ಕೇಳುವ ಕ್ರಮವಿಲ್ಲ,
ಕಂಬ ಕಂಬಕ್ಕೂ ಬಳಿದದ್ದುಂಟು.
ಬಿಳಿ ಎಂದರೆ ಆಸ್ಪತ್ರೆ, ನೀಲಿ ಎದುರು ತಂಡದ್ದು,
ಹಳದಿಯಲ್ಲಿ ಹೋದ ವರ್ಷ ಸೋತದ್ದು.

ನಾನು ಅಳತೆಪಟ್ಟಿ ಕುತ್ತಿಗೆಗೆ ಹಾಕಿ
ಕ್ಲಬ್ಬಿನ ಬಾಗಿಲಲ್ಲಿ ನಿಂತಿದ್ದೆ.
ಕಬಡ್ಡಿಯವರಿಗೆ ಅಂಗಿ ಹೊಲಿಯುವುದು ಸುಲಭವಲ್ಲ,
ಭುಜ ಒಂದು ಊರು, ಸೊಂಟ ಇನ್ನೊಂದು ಊರು.
ಅಷ್ಟರಲ್ಲಿ ಮೊಯ್ದುಞ್ಞಿಯ ಮಗಳು, ನಾಲ್ಕನೇ ಕ್ಲಾಸು,
ಯಾರನ್ನೋ ಅಣಕಿಸಲು ನಾಲಗೆ ಹೊರಗೆ ಹಾಕಿದಳು:
ಗುಡ್ಡೆಯ ಕುಂಟಲ ಹಣ್ಣು ತಿಂದ ನಾಲಗೆ.
"ಈ ಬಣ್ಣ ಯಾರದ್ದು?" ಎಂದರು ಅಧ್ಯಕ್ಷರು.
ಯಾರದ್ದೂ ಅಲ್ಲ.
ಪಾಸಾಯಿತು.

ಬಟ್ಟೆ ಅಗ್ಗದ್ದು, ಬಣ್ಣ ಅದಕ್ಕಿಂತ ಅಗ್ಗದ್ದು.
ಉಪ್ಪಳದ ಹಂಡೆಯಲ್ಲಿ ಕುದಿಸಿ ತಂದು ಹರವಿದರೆ
ಹಗ್ಗವೂ ನೇರಳೆ, ಹಗ್ಗದ ಕೆಳಗೆ ಮಲಗಿದ ಬೆಕ್ಕೂ.
ಹೆಸರು ಯಾವ ಲಿಪಿಯಲ್ಲಿ ಎಂದು ಮತ್ತೊಂದು ಮೀಟಿಂಗು,
ಅದರಲ್ಲಿ ಎರಡು ಕುರ್ಚಿ ಮುರಿಯಿತು.
ಕಡೆಗೆ ಗುಡ್ಡೆಮನೆ ಬ್ರದರ್ಸ್ ಎನ್ನುವುದನ್ನು
ಇಂಗ್ಲಿಷಿನ ಎರಡಕ್ಷರಕ್ಕೆ ಇಳಿಸಿ
ಬೆನ್ನಿನ ನಂಬರಿನ ಬುಡದಲ್ಲಿ ಜಿ, ಬಿ.
ಯಾರಿಗೂ ಹೊಳೆಯಲಿಲ್ಲ. ನನಗೂ.

ಹೊಳೆದದ್ದು ಗ್ಯಾಲರಿಗೆ.
"ಏ, ನಾಲ್ಕು ಜಿಬಿ ಬಂತು!"
"ಒಂದು ಜಿಬಿಯವನನ್ನು ಕಳಿಸಬೇಡಿ,
ಅವನಲ್ಲಿ ಎಂತದೂ ಹಿಡಿಸುವುದಿಲ್ಲ!"
"ಏಳು ಜಿಬಿ ಅಂತ ಸಾಮಾನೇ ಇಲ್ಲ ಪೇಟೆಯಲ್ಲಿ,
ಡುಪ್ಲಿಕೇಟ್, ಡುಪ್ಲಿಕೇಟ್!"
ಬದನೆಕಾಯಿಯ ಲೋಡು ಎಂದ ಒಬ್ಬ,
ಬ್ಯಾಂಡ್‌ಸೆಟ್ಟಿನವರು ಡೋಲು ಮರೆತು ಬಂದರು ಎಂದ ಇನ್ನೊಬ್ಬ.
ಐತ್ತಪ್ಪ ಬೆಳ್ಚಪ್ಪಾಡರು,
ತನ್ನ ಕಾಲದಲ್ಲಿ ಅಂಗಿಯೇ ಇಲ್ಲದೆ ಆಡಿದವರು,
ಕಣ್ಣು ಸಣ್ಣ ಮಾಡಿ ನೋಡಿ ಅಂದರು:
"ಹಿಡಿಯಲಿಕ್ಕೆ ಬಟ್ಟೆ ಕೊಟ್ಟರೆ ಹಿಡಿಯದೆ ಬಿಡುತ್ತಾರಾ?
ಬೆವರಿದ ಬೆನ್ನೇ ನಮ್ಮ ಜರ್ಸಿ."

ನಾನು ಹೆಂಗಸರ ಬದಿಯಲ್ಲಿ ಕೂತು
ಬಗಲಿನ ಹೊಲಿಗೆ ಮಾತ್ರ ನೋಡುತ್ತಿದ್ದೆ.
ಅಲ್ಲಿ ಮೂರು ಸುತ್ತು ಹಾಕಿದ್ದೆ.
ಬಿಡುವವರೆಗೆ ಯಾರೂ ನೋಡದ ಜಾಗ ಅದು.

ಬಿಟ್ಟದ್ದು ಹೊಲಿಗೆಯಲ್ಲ, ಬಣ್ಣ.
ವಿರಾಮದ ಹೊತ್ತಿಗೆ ಕುತ್ತಿಗೆಯಲ್ಲಿ ಇಳಿಯಿತು,
ಆಮೇಲೆ ಮೊಣಕೈ, ಆಮೇಲೆ ತೊಡೆ.
ಏಳು ಮಂದಿಯೂ ಹಣ್ಣಾಗಿದ್ದರು.
ನಗು ಎಷ್ಟೆಂದರೆ ಮೈಕಿನವ ಸ್ಕೋರು ಹೇಳುವುದು ಬಿಟ್ಟ.
ನಾನು ಸೆರಗು ಬಾಯಿಗೆ ಒತ್ತಿ ನೆಲ ನೋಡಿದೆ.

ಎರಡು ನಿಮಿಷ ಬಾಕಿ, ಒಂದು ಪಾಯಿಂಟ್ ಹಿಂದೆ.
ಏಳು ಜಿಬಿ ಧನಪಾಲ ಹೋದ.
ಮೂಲೆಯವ ಸೊಂಟಕ್ಕೆ ಕೈ ಹಾಕಿದ, ಜಾರಿತು,
ಉಸಿರು ಕಟ್ಟಿಕೊಂಡೇ ಗೆರೆ ದಾಟಿ ಬಿದ್ದ ಧನಪಾಲ.
"ಮುಟ್ಟಲೇ ಇಲ್ಲ!" ಎಂದ ಮೂಲೆಯವ.
ದೇವರಾಣೆ ಎಂದ. ತಾಯಿಯಾಣೆ ಎಂದ.
ಎರಡೂ ಕೈ ಮೇಲೆತ್ತಿ
ಗ್ಯಾಲರಿಗೆ, ಲೈಟಿಗೆ, ಹೊಸದುರ್ಗದಿಂದ ಬಂದ ರೆಫ್ರಿಗೆ
ತೋರಿಸಿದ.

ನಾಲಗೆಯ ಹಾಗೆ ಎರಡು ಅಂಗೈ.

ಅಂಥ ಸದ್ದು ಆ ಮೈದಾನ ಹಿಂದೆ ಕೇಳಿರಲಿಕ್ಕಿಲ್ಲ.

ಕಡೆಗೆ ಸೋತೆವು, ಅದು ಬೇರೆ ವಿಷಯ.
ಬಣ್ಣ ಬಿಡುವ ಅಂಗಿ ನಿಲ್ಲಿಸಬೇಕೆಂದು ಎದುರಿನವರು ಅರ್ಜಿ ಕೊಟ್ಟರು.
ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆಯುವ ಮೊದಲೇ
ಡುಪ್ಲಿಕೇಟ್ ಎಂದು ಕೂಗಿದ ಅದೇ ಹುಡುಗರು, ಐದು ಮಂದಿ:
"ನಮಗೂ ಬೇಕಕ್ಕಾ, ಹದಿನಾರು ಜಿಬಿ.
ಬಣ್ಣ ಬಿಡುವಂಥದ್ದೇ ಆಗಬೇಕು."

ಅವರ ಹಿಂದೆ ಬೆಳ್ಚಪ್ಪಾಡರು,
ಹಳೆ ಪಂಚೆಯ ಅಂಚು ಹೊಲಿಸಿದ್ದರ ಬಾಕಿ ಕೊಡಲು.
"ಏನೇ ಹೇಳು, ಆ ಬಣ್ಣ ಲಾಯ್ಕ ಇಲ್ಲ ಮಾರಾಯ್ತಿ."
ಆಯಿತು ಎಂದೆ.
ಚಿಲ್ಲರೆ ಎಣಿಸಿ ಮೇಜಿನ ಮೇಲಿಡುವಾಗ
ಅವರ ಬಲಗೈ ನೋಡಿದೆ.