ಬಾಜೂಮನಿ ಲೆಕ್ಕ

ನೋಟಿಸು ಮರಾಠಿಯೊಳಗಿತ್ತು.
ಪ್ರಿನ್ಸಿಪಾಲರು ಓದಿ, ಕನ್ನಡದಾಗ ಹೇಳಲಿಕ್ಕೆ ಹೋಗಿ
ನಡುವ ನಿಂತು, ಚಸಮಾ ಒರಸಿಕೊಂಡು
‘ಮಾರ್ಚ್ ಅಖೇರಿಗೆ’ ಅಂದ್ರು. ಅಷ್ಟ.

ಜತ್ತದಿಂದ ಉಮದಿಗೆ ಹೋಗೋ ರಸ್ತೆ.
ಎಡಕ್ಕ ದ್ರಾಕ್ಷಿ ಒಣಗಿಸೋ ಹಸರು ಜಾಳಿಗಿ ಶೆಡ್ಡು,
ಬಲಕ್ಕ ನಮ್ಮ ಡಿ.ಎಡ್. ಕಾಲೇಜು, ಕನ್ನಡ ಮಾಧ್ಯಮ.
ಎರಡಕ್ಕೂ ಅಧ್ಯಕ್ಷರು ಒಬ್ಬರ.
ಮೊನ್ನೆ ಟೇಪು ಹಿಡಕೊಂಡು ಇಬ್ಬರು ಬಂದು ಹೋದರು.
ಗ್ರಂಥಾಲಯದಾಗ ನಾಕು ಸಾವಿರ ಪೆಟಿಗಿ ಬೇದಾಣಿ
ಕುಂಡ್ರತಾವಂತ.

ಎರಡನೇ ವರ್ಷದಾಗ ಹನ್ನೊಂದು ಮಂದಿ ಉಳದಾರ.
ಅವರನ್ನ ಮಿರಜಿಗೆ ಕಳಸ್ತಾರಂತ, ಮರಾಠಿಗೆ.
ಶಮನಾ ಮುಜಾವರ ಎದ್ದು ನಿಂತು ಕೇಳಿದಳು:
‘ಬಸ್ ಪಾಸು ಯಾರು ಕೊಡ್ತಾರ್ರಿ?’
ತೇಲಿ ಸರ್ ಕಿಟಕಿ ನೋಡಿದ್ರು.
ಹದಿನಾಕು ತಿಂಗಳ ಪಗಾರ ಬರಬೇಕು ಅವರಿಗೆ,
ಕಿಟಕಿ ನೋಡೋದು ರೂಢಿ ಆಗೇದ.

ದಾನವ್ವ ಹೊನಮೋರೆದು ಒಂದು ಪಾಠ ಬಾಕಿ ಇತ್ತು.
ಮೂರನೆತ್ತಾ, ಗಣಿತ, ಕಳೆಯೂದು.
ಸಾಲಿಗೆ ಸೂಟಿ, ಮಕ್ಕಳಿಲ್ಲ.
‘ನಾವ ಕೂಡೂಣು,’ ಅಂದ್ರು ಹತ್ತೂರೆ ಬಾಯಾರು.

ಕೂತಿವಿ. ಸಣ್ಣ ಬೆಂಚು, ದೊಡ್ಡ ಮೊಣಕಾಲು.
ಪ್ರಿನ್ಸಿಪಾಲರು, ತೇಲಿ ಸರ್, ಡ್ರಾಯಿಂಗ್ ಕಲಿಸೋ ಲೋಣಿಯವರು,
ನೀರು ತುಂಬೋ ಜಕ್ಕವ್ವ,
ಹಿಂದಿನ ಸಾಲಿನ್ಯಾಗ ನಾ, ಕಾರಕೂನ.
ಹಾಜರಿ ಕರದ್ಲು. ‘ಅದೀನ್ರಿ ಬಾಯಾರ’ ಅಂದಿವಿ,
ನಕ್ಕಿವಿ ಸ್ವಲ್ಪ. ಆಕಿ ನಗಲಿಲ್ಲ.

‘ಮುನ್ನೂರರಾಗ ನೂರಾ ಇಪ್ಪತ್ತೇಳು ಕಳೀಬೇಕು.
ಸೊನ್ನ್ಯಾಗ ಏಳು ಹೋಗ್ತದೇನು?’
‘ಇಲ್ರೀ.’
‘ಹಂಗಾರ ಏನು ಮಾಡೂದು?’
‘ಬಾಜೂಮನಿಗೆ ಹೋಗಿ ಕೇಳೂದು,’ ಅಂದ್ಲು ಜಕ್ಕವ್ವ,
ಸಾಲಿ ಕಟ್ಟಿ ಹತ್ತಿದ್ದು ಕಸ ಹೊಡಿಯಾಕ ಮಾತ್ರ.
‘ಬಾಜೂಮನ್ಯಾಗೂ ಸೊನ್ನಿ ಇದ್ರ?’

ಯಾರೂ ಕೈ ಎತ್ತಲಿಲ್ಲ.
ತೇಲಿ ಸರ್ ಲೋಣಿಯವರ ಕಡೆ ತಗೊಂಡಾರ,
ಲೋಣಿಯವರು ಬಾಯಾರ ಕಡೆ,
ಬಾಯಾರ ಕಿವಿ ಎರಡೂ ದೀಪಾವಳಿಯಿಂದ ಖಾಲಿ.
ಇವೆಲ್ಲ ಕಾರಕೂನಗ ಗೊತ್ತಿರತಾವ.

‘ಅದರಾಚೆ ಮನಿಗೆ ಹೋಗೂದು,’ ತಾನ ಹೇಳಿದ್ಲು.
ಖಡು ನನ್ನ ಕಡೆ ಚಾಚಿ: ‘ಕಾಶೀರಾಯಾ, ನೀ ಬಾ.’

ಬರದೆ. ಎರಡನೂರಾ ಎಪ್ಪತ್ಮೂರು.
ಬೈಲಿಲ್ಲ ಆಕಿ. ಬೈಬಾರದಂತ ನಾವ ಕಲಿಸೀವಿ.
‘ನೂರು ಹೆಚ್ಚಾತು ನೋಡು.
ಮೂರರ ಕಡೆ ತಗೊಂಡಿ, ಖರೆ.
ತಗೊಂಡದ್ದು ಅದರ ತಲಿಮ್ಯಾಲ ಬರದಿಟ್ಟಿಲ್ಲ.’

ಆಕಿ ಅಪ್ಪ ಕುರಿ ಮಾರಿ ತಂದ ರೊಕ್ಕ
ಈ ಕೈಲೆ ಎಣಿಸಿದ್ದೆ, ತೊಂಬತ್ತು ಸಾವಿರ,
ಉಗುಳು ಹಚ್ಚಿ, ಎರಡು ಸಲ.
ಪಾವತಿ ಹರದದ್ದು ಹನ್ನೆರಡಕ್ಕ.
ಬಾಗಲಾಗ ನಿಂತು ಆತ ಆ ಕಾಗದ
ಟೊಪಗಿ ಮಡಿಕಿಯೊಳಗ ಇಟ್ಟುಕೊಂಡಿದ್ದ.
ಬಾಜೂಕ ಈಕಿ ಇದ್ಲು, ಎರಡು ಜಡಿ.
ನೆನಪಿಟ್ಟು ಅಂದ್ಲೋ, ಬರೇ ಲೆಕ್ಕದ ಮಾತೋ,
ಕೇಳೂ ಧೈರ್ಯ ನನಗಿಲ್ಲ.

ಮೂರಕ್ಕ ಗೀಟು ಎಳದೆ. ಮ್ಯಾಲ ಎರಡು ಬರದೆ.
ಖಡು ಮುರೀತು.

‘ಉಪಕರಣ ಕಡಿಮಿ, ಧ್ವನಿ ಚೊಲೊ’ ಅಂತ
ನಿರೀಕ್ಷಣಾ ವಹಿಯೊಳಗ ಬರದು
ಇಪ್ಪತ್ತಕ್ಕ ಹದಿನೆಂಟು ಕೊಟ್ರು ಹತ್ತೂರೆ ಬಾಯಾರು.
ಇನ್ನೆರಡು ಯಾರಿಗೆ ಇಟ್ಟಾರೋ.

ಗಂಟಿ ಬಾರಸಾವ ನಾನ. ಬಾರಸಲಿಲ್ಲ.
ಆಕಿ ಹಲಗಿ ಒರಸಿ ಮನಿಗೆಲಸ ಬರದ್ಲು:
ಐದನೂರರಾಗ ಎರಡನೂರಾ ಅರವತ್ತೆಂಟು.
‘ನಾಳೆ ಎಲ್ಲಾರೂ ವಹಿ ತೋರಸ್ರಿ.’

ನಾಳೆ ಟೈಮ್‌ಟೇಬಲ್ಲಿನ್ಯಾಗ ಇಲ್ಲ.
ಮುಂದಿನ ಸಾಲಿನ ಪ್ರವೇಶ ರಜಿಸ್ಟರ್ ಬಂದದ,
ಕೆಂಪು ರಟ್ಟು, ಪಟ್ಟಿ ಹಾಕಿದ್ದು, ಖಾಲಿ.
ಅದರ ಮೊದಲನೇ ಪಾನಿನ್ಯಾಗ ಬರಕೊಂಡು
ಕೂತೀನಿ.
ಸೊನ್ನ್ಯಾಗ ಎಂಟು ಹೋಗಂಗಿಲ್ಲ.