ಕೌದಿ ಹೊದ್ದ ಹಿಟ್ಟು

ಅಕಿ ಹೆಸರು ತ್ಸೆಹಾಯ್. ಹಂಗಂದ್ರ ಸೂರ್ಯ ಅಂತ.
ನನ್ನ ನಾಲಿಗಿ ಹೊರಳಲಿಲ್ಲ,
ಸಹಾಯವ್ವ ಅಂದೆ.
ನಕ್ಕಳು. ಅದ ಉಳೀತು.

ಕೆಲಗೇರಿ ಕಡೆ ನಮ್ಮ ಮನಿ, ಮ್ಯಾಲಿನ ಖೋಲಿ ಅಕೀದು.
ಕೃಷಿ ಯುನಿವರ್ಸಿಟಿಯೊಳಗ ಜ್ವಾಳದ ಮ್ಯಾಲೆ ಓದಾಕ
ಇಥಿಯೋಪಿಯಾದಿಂದ ಬಂದಾಕಿ.
ಬಾಡಿಗಿ ಮಾತಾಡೂಮುಂದ ಒಂದ ಮಾತ ಹೇಳಿದ್ದೆ:
ಈ ಮನ್ಯಾಗ ತತ್ತಿ ಒಡಿಯಂಗಿಲ್ಲ.
"ನಮ್ಮ ಹಬ್ಬದ ಬ್ರೆಡ್ಡಿಗೆ ತತ್ತಿ ಬ್ಯಾಡ ಆಂಟಿ" ಅಂದ್ಳು.
ಅದೊಂದ ಸಲೀಸು,
ಉಳದದ್ದೆಲ್ಲಾ ತೊಡಕು.

ಹುಬ್ಬಳ್ಳಿ ಕೊಪ್ಪಿಕರ್ ರೋಡಿಂದ ಸಣ್ಣ ಓವನ್ ತಂದ್ಳು,
ಚಿಗರಿ ಬಸ್ಸಿನ್ಯಾಗ ತೊಡಿ ಮ್ಯಾಲ ಇಟಗೊಂಡು.
ಗುಂಡಿ ಒತ್ತಿದ್ಳು, ಇಡೀ ಮನಿ ಫ್ಯೂಜ್ ಹೋತು.
ನಮ್ಮ ಮನಿಯವ್ರು ಬ್ಯಾಟರಿ ಹಿಡದು ತಂತಿ ಸುತ್ತಿದ್ರು,
ಮೂರ ಸಲ.
ನಾಕನೇ ಸಲ ಸುಮ್ಮನ ಓವನ್ ಕಡೆ ನೋಡಿದ್ರು.
ಮರುದಿನದಿಂದ ಅದರೊಳಗ ಅಕಿ ಪುಸ್ತಕ ಇಟ್ಳು.

ಮೈದಾ ತಂದ್ಳು, ಜಿಗಟಾತು.
ಜವಾರಿ ಗೋದಿ ಬೀಸಿಸಿದ್ಳು, ಇಟ್ಟಂಗಿ ಆತು.
ಅಂಗಡಿಯಾವ ಈಸ್ಟ್ ಅಂತ ಕೊಟ್ಟ ಪುಡಿ
ಯಾವ ಶ್ರಾವಣದ್ದೋ, ಬೆಚ್ಚನ ನೀರಾಗ
ಸತ್ತಂಗ ಕುಂತಿತ್ತು.
"ಊರಾಗ ನಾ ಹಿಟ್ಟ ಅಳದಾಕೆಲ್ಲ ಆಂಟಿ,
ಕೈಗೆ ಗೊತ್ತಿತ್ತು.
ಇಲ್ಲಿ ಕೈ ಮೂಕ ಆಗೇತಿ."

ನಾ ಲಗ್ನಾಗಿ ಗದಗಿಂದ ಬಂದ ಹೊಸದಾಗಿ
ಈ ಊರ ನೀರಿಗೆ ನನ್ನ ರೊಟ್ಟಿನೂ ಹರೀತಿದ್ವು.
ಅತ್ತಿ ಏನೂ ಅನ್ನಲಿಲ್ಲ.
ಅದ ಹೆಚ್ಚ ಉರೀತಿತ್ತು.

ಜನೇವರಿ ಏಳಕ್ಕ ಅವರ ಕ್ರಿಸ್‌ಮಸ್.
ಹಿಂದಿನ ರಾತ್ರಿ ಥಂಡಿ, ಹಿಟ್ಟು ಏಳವಲ್ಲದು.
ನನ್ನ ಕೌದಿ ಕೊಟ್ಟೆ,
ಅವ್ವನ ಹಳೇ ಇಲಕಲ್ ಸೀರಿ ತುಂಡು ಇರೂ ಕೌದಿ.
ಪಾತೇಲಿಗೆ ಹೊಚ್ಚಿದ್ವಿ,
ಜ್ವರಾ ಬಂದ ಕೂಸಿಗೆ ಹೊಚ್ಚಿದಾಂಗ.
ರಾತ್ರಿ ಎರಡ ಸಲ ಎದ್ದು ನೋಡೇನಿ,
ಅಕಿಗೆ ಹೇಳಿಲ್ಲ.
ಬೆಳಿಗ್ಗೆ ಕೌದಿ ಎತ್ತಿದ್ರ
ಹಿಟ್ಟು ಅಂಚ ದಾಟಿ
ಅವ್ವನ ಸೆರಗಿಗೆ ಹತ್ತಿಕೊಂಡಿತ್ತು.

ಇನ್ನ ಬೇಯಿಸೂದೆಲ್ಲಿ?
ಮದಾರಮಡ್ಡಿಯೊಳಗ ಹಜರತ್‌ಸಾಬನ ಭಟ್ಟಿ,
ರಮಜಾನಿನ್ಯಾಗ ಮಂದಿ ನಾನ್‌ಖಟಾಯಿ ಹಿಟ್ಟ ಒಯ್ದು
ಸುಡಿಸ್ಕೊಂಡು ಬರ್ತಾರಲ್ಲ, ಅಲ್ಲೆ.
ಆಟೋದಾಗ ನಾವಿಬ್ರು, ನಡುವ ಪಾತೇಲಿ,
ಹಂಪ್ ಬಂದಾಗೊಮ್ಮೆ
ನಾಕೂ ಕೈ ಹಿಟ್ಟಿನ ಮ್ಯಾಲ.

ಖಾರಾ ಬನ್ ಇಳಿಸಿದ ಮ್ಯಾಲೆ
ಬಾಳಿ ಎಲ್ಯಾಗ ಸುತ್ತಿದ ಆ ದೊಡ್ಡ ಉಂಡಿ ನೋಡಿ ಕೇಳಿದ:
"ಎಷ್ಟೊತ್ತ ಇಡಬೇಕ್ರಿ?"
"ವಾಸನಿ ಬರೂತನಾ" ಅಂದ್ಳು.
"ಹಂಗಾದ್ರ ನಿಮಗ ಕೆಲಸ ಬರ್ತೈತಿ" ಅಂದ,
ಸಲಿಕಿಲೆ ಒಳಗ ದಬ್ಬಿದ.

ಎಲಿ ಕರಕಾಗಿ, ಒಂದ ಮಗ್ಗಲ ಸೀದು ಬಂತು.
ಅಕಿ ಮುರದು ಬಾಯಾಗ ಇಟಗೊಂಡು
ಬಾಳೊತ್ತು ಅಗದ್ಳು.
"ನಮ್ಮ ಮನೀದಲ್ಲ ಇದು."
"ನಮ್ದೂ ಅಲ್ಲ ಬಿಡ್ರಿ" ಅಂದ ಹಜರತ್‌ಸಾಬ,
ಮತ್ತೊಂದ ತುಂಡಿಗೆ ಕೈ ಚಾಚಿ.
ನನ್ನ ಚೀಲದಾಗ ಶೇಂಗಾ ಹಿಂಡಿ ಇತ್ತು.

ಹೊಳ್ಳಿ ಬರೂಮುಂದ ಹೇಳಿದ್ಳು:
ಜ್ವಾಳ ಮೊದಲ ನಮ್ಮ ಕಡೇದು ಆಂಟಿ,
ಸಾವಿರಾರು ವರ್ಷದ ಹಿಂದ
ಸಮುದ್ರ ದಾಟಿ ನಿಮ್ಮ ಕಡೆ ಬಂತು.
ಜ್ವಾಳ?
ನಮ್ಮ ಜ್ವಾಳ?
ಯಾರ ಇಟಗೊಂಡಿದ್ರು ಅದನ್ನ ಮನ್ಯಾಗ,
ಏನ ಕರಾರು ಹಾಕಿದ್ರು?
ನಾ ನಂಬಲಿಲ್ಲ. ಅಕಿ ವಾದಾ ಮಾಡಲಿಲ್ಲ.
ಉಳದ ಅರ್ಧ ಬ್ರೆಡ್ಡು ಅಕಿ ತೊಡಿ ಮ್ಯಾಲ ಬೆಚ್ಚಗ ಇತ್ತು.

ಮರುದಿನ ಕೊಣಮಿಗಿ ಮುಂದ ಕುಂತು
ಎಸರು ಹಾಕಿ, ನಾದಿ, ಬಡಿಯಾಕ ಹತ್ತಿದೆ.
ಯಾರೂ ಇಲ್ಲದ್ದ ನೋಡಿ ಸಣ್ಣ ದನಿಲೆ ಕೇಳಿದೆ:
ನಿನಗೂ ಮೊದಲ ಮೊದಲ
ಇಲ್ಲಿ ನೀರು ಹೊಂದಲಿಲ್ಲೇನ?

ಅದೇನ ಹೇಳತೈತಿ.
ಅಂಚಿಗೆ ಒಂದೀಟು ಬಿರೀತು.
ಕೈ ತೋಯಿಸಿ ಕೂಡಿಸಿದೆ.