ನ್ಯೂಕ್ಯಾಸಲ್ ಬಂದರು, ನಾಲ್ಕನೇ ಶೆಡ್ಡು

ಯಾರ್ಯಾರದೋ ಚಾವಣಿಯಿಂದ ಇಳಿದ ಸೋಲಾರ್ ಫಲಕಗಳು,
ಹತ್ತೇ ವರ್ಷಕ್ಕೆ ಹಳತಾದವು.
ಹೊಸದು ಬಂತಂತೆ, ಇನ್ನೂ ದೊಡ್ಡದು.
ಕ್ಲೈವ್ ಒಂದೊಂದನ್ನೇ ಬಿಸಿಲಿಗೆ ಒರಗಿಸಿ
ಮೀಟರಿನ ಮುಳ್ಳು ನೋಡುತ್ತಾನೆ
ನಾಡಿ ಹಿಡಿದ ಹಾಗೆ.
ಮೂವತ್ತೊಂದು ವರ್ಷ ಕಲ್ಲಿದ್ದಲು ತುಂಬಿದ ಕೈ;
ಉಗುರಿನ ಸಂದಿಯ ಕಪ್ಪು
ಯಾವ ಸೋಪಿಗೂ ಜಗ್ಗಿಲ್ಲ.

‘ಇದಕ್ಕಿನ್ನೂ ಜೀವ ಇದೆ’ ಅಂದ.
ಗಾಜಿನ ಮೇಲೆ ಹಕ್ಕಿಯ ಹಿಕ್ಕೆ ಒಣಗಿ ಸುಣ್ಣ.
ಲೇಮಾರಾ ಉಗುರಲ್ಲೇ ಕೆರೆದಳು.
ವನುವಾಟು ಕಡೆಯ ಅವಳ ದ್ವೀಪದ ಆಸ್ಪತ್ರೆಗೆ
ನಲವತ್ತು ಬೇಕು:
ಲಸಿಕೆಯ ಫ್ರಿಜ್ಜಿಗೆ, ಹೆರಿಗೆ ಕೋಣೆಯ ದೀಪಕ್ಕೆ.
ಈವರೆಗೆ ಸೂಲಗಿತ್ತಿ
ಬಾಯಲ್ಲಿ ಟಾರ್ಚು ಕಚ್ಚಿಕೊಂಡೇ
ಮಗು ಹಿಡಿಯುತ್ತಿದ್ದಳಂತೆ.

ನಾನು ಪಟ್ಟಿ ಬರೆಯುವವಳು.
‘ವಿವರ’ ಅಂತೊಂದು ಕಾಲಂ ಇದೆ,
ದಿನವೂ ಅಲ್ಲೇ ಪೆನ್ನು ತಡವರಿಸುತ್ತದೆ.
ಹಳತು ಅನ್ನಲೇ, ದಾನ ಅನ್ನಲೇ,
ಬಾಕಿ ಅನ್ನಲೇ?

ಆಚೆ ಕಡಲಂಚಲ್ಲಿ ಹಡಗು ಎಣಿಸಿದೆ, ಹದಿನೇಳು.
ಎಲ್ಲವೂ ಇದ್ದಲಿಗೆ ಕಾದು ನಿಂತವು.
ನಮ್ಮದು ಒಂದೇ ಕಂಟೇನರು.

ಬಾಗಿಲು ಹಾಕುವ ಮುನ್ನ ಲೇಮಾರಾ
ಕೊನೆಯ ಫಲಕಕ್ಕೆ ತಂತಿ ಜೋಡಿಸಿದಳು.
ಇಳಿಬಿಸಿಲು. ಮುಳ್ಳು ಒಂಚೂರು ಅಲುಗಿತು.
ಕ್ಲೈವ್ ಟೋಪಿ ತೆಗೆದ,
ಬಹುಶಃ ಬೆವರಿಗೆ.